ಭಾವನ ನೂರು ಸಿಸಿ ಹಟ

ನಮ್ಮ ಭಾವನ ತಲೆ ನೆಟ್ಟಗಿದೆ ಎಂದು ಸಾಗರದಲ್ಲಿ ಈಗ ವಾದಿಸುವವಳು ನನ್ನ ಅಕ್ಕ ಒಬ್ಬಳೇ. ಅವಳೂ ಹಾಗೆನ್ನುವ ಮೊದಲು ಸ್ವಲ್ಪ ಯೋಚಿಸುತ್ತಾಳೆ!

ಎಲ್ಲದಕ್ಕೂ ಕಾರಣ ಬೈಕು. ಭಾವ ಸಾಮಾನ್ಯ ಸವಾರರಲ್ಲ. ದನದ ಡಾಕ್ಟರಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಹಳ್ಳಿಗಳನ್ನು ಮುನ್ನೂರೈವತ್ತು ಸಿಸಿಯ ದೈತ್ಯನ ಮೇಲೆ ಕೂತು ಸುತ್ತಿದವರು. ಅವರು ಬಂದರೆ ಎಮ್ಮೆಗಳೂ ದಾರಿ ಬಿಡುತ್ತಿದ್ದವು. ಬೈಕಿಗೆ ಹೆದರಿಯೋ, ಸೂಜಿಗೆ ಹೆದರಿಯೋ, ಯಾರಿಗೆ ಗೊತ್ತು? ಇಂಥವರು ರಿಟೈರಾದ ಮೇಲೆ ಏನು ಮಾಡಬೇಕು? ಇನ್ನೂ ದೊಡ್ಡ ಬೈಕು ಕೊಂಡು ಲಡಾಖಿಗೆ ಹೋಗಬೇಕು. ಭಾವ ಇದ್ದ ದೈತ್ಯನನ್ನೂ ಮಾರಿ ನೂರು ಸಿಸಿಯ ಒಂದು ಪುಟಾಣಿ ಬೈಕು ತಂದರು!

ಅವರ ಆರಡಿ ದೇಹದ ಅಡಿಯಲ್ಲಿ ಬೈಕು ಕಾಣುವುದೇ ಇಲ್ಲ. ದೂರದಿಂದ ನೋಡಿದರೆ ಭಾವ ಕೂತ ಭಂಗಿಯಲ್ಲೇ ತೇಲಿ ಬರುತ್ತಿರುವಂತೆ ತೋರುತ್ತದೆ. ಮೊದಲ ದಿನವೇ ಗ್ಯಾರೇಜಿನವನು ಕೇಳಿದ, "ಡಾಕ್ಟ್ರೇ, ಇದು ಮರಿಯಾ? ತಾಯಿ ಎಲ್ಲಿ?"

"ಸಾಕ್ಲಿಕ್ಕೆ ಮರಿಯೇ ಒಳ್ಳೇದು ಮಾರಾಯ, ಮೇವು ಕಡಿಮೆ" ಎಂದರು ಭಾವ.

ನಾನು ಕೆಣಕಿದರೆ ಉಪನ್ಯಾಸವೇ ಶುರು. "ದೊಡ್ಡ ಗಾಡಿ ತಾನೇ ಓಡ್ತದೆ. ಸಣ್ಣದನ್ನ ನಾವು ಓಡಿಸ್ಬೇಕು. ಇದು ಅನುಭವ ಇದ್ದವರ ಗಾಡಿ!" ಅನುಭವ ಹೌದು. ಒಂದು ಲಾರಿಯನ್ನು ಹಿಂದೆ ಹಾಕಲು ಅವರು ನಡೆಸುವ ತಯಾರಿ ಮದುವೆಮನೆಯದಕ್ಕಿಂತ ದೊಡ್ಡದು. ಗೇರು ಇಳಿಸಿ, ಬಗ್ಗಿ, ಉಸಿರು ಬಿಗಿಹಿಡಿದು ಹೊರಡುವಷ್ಟರಲ್ಲಿ ಲಾರಿ ತನ್ನ ಊರು ಮುಟ್ಟಿರುತ್ತದೆ.

ಮೊನ್ನೆ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲೊಂದು ಮದುವೆ. ನನ್ನ ಬಳಿ ದೊಡ್ಡ ಬೈಕಿದೆ. "ಅಕ್ಕ, ನನ್ನ ಜೊತೆ ಬಾ, ಊಟದ ಹೊತ್ತಿಗಾದರೂ ಮುಟ್ತೀಯ" ಎಂದೆ. ಅವಳು ಕೇಳಲಿಲ್ಲ, ಸೀರೆ ಸರಿಮಾಡಿಕೊಂಡು ಭಾವನ ಹಿಂದೆಯೇ ಕೂತಳು.

ಹೊಸನಗರದಲ್ಲಿ ಚಹಾ ಕುಡಿದು, ಪೇಪರು ಓದಿ ಮುಗಿಸಿದರೂ ಅವರ ಸುಳಿವಿಲ್ಲ. ಕೊನೆಗೂ ಬಂದ ಭಾವ ಹೆಮ್ಮೆಯಿಂದ, "ಒಂದು ಟ್ರ್ಯಾಕ್ಟರನ್ನ ಹಿಂದೆ ಹಾಕಿದೆ!" ಎಂದರು.

"ನಿಂತಿತ್ತಲ್ಲ ಅದು?" ಎಂದಳು ಅಕ್ಕ.

ಹೊಸನಗರ ದಾಟಿದ ಮೇಲೆ ಒಂದು ಏರು. ನಾನು ಹತ್ತಿ ಮೇಲೆ ಕಾದೆ. ಬರಲಿಲ್ಲ. ಗಾಬರಿಯಾಗಿ ತಿರುಗಿ ಇಳಿದೆ. ಮೊದಲ ತಿರುವಿನಲ್ಲೇ ಕಂಡರು. ರೇಷ್ಮೆ ಸೀರೆ ಎತ್ತಿ ಹಿಡಿದು ಅಕ್ಕ ನಡೆಯುತ್ತಿದ್ದಾಳೆ, ಪಕ್ಕದಲ್ಲಿ ಭಾವ ಮೊದಲ ಗೇರಿನಲ್ಲಿ ತೆವಳುತ್ತಿದ್ದಾರೆ!

ನನಗೆ ಸಿಟ್ಟು ಬಂತು. "ಅಕ್ಕನ್ನ ನಡೆಸ್ತಾ ಇದೀರಲ್ಲ ಭಾವ! ಈ ಗಾಡಿ ನಿಮಗಲ್ಲ. ಮಾರಿಬಿಡಿ."

"ನಾನೇ ಇಳಿದೆ ಕಣೋ. ಪಾಪ, ಮರಿ!" ಎಂದು ನಗುತ್ತಾ ಅಕ್ಕ ಮುಂದೆ ನಡೆದಳು.

ಭಾವ ಬೈಕು ನಿಲ್ಲಿಸಿದರು. ಅವಳು ಅಷ್ಟು ದೂರ ಹೋಗುವವರೆಗೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಆ ದೊಡ್ಡ ಗಾಡೀಲಿ ಇವಳು ಹಿಂದೆ ಕೂತು ಏನೇನೋ ಹೇಳ್ತಾ ಇದ್ಲು ಮಾರಾಯ. ಆ ಸದ್ದಲ್ಲಿ ಎಂತ ಕೇಳ್ತದೆ? ಸುಮ್ನೆ ಹ್ಞೂಂ ಅಂತಿದ್ದೆ. ರಿಟೈರಾದ ಮೇಲೆ ಒಂದಿನ ಕೇಳ್ದೆ, ಅಷ್ಟು ವರ್ಷ ಎಂತ ಹೇಳ್ತಿದ್ದೆ ಅಂತ. 'ಈಗೆಲ್ಲಿ ನೆನಪಿದೆ' ಅಂದ್ಲು."

ನಾನು ಬೈಕು ತಿರುಗಿಸಿ ಅವರ ಹಿಂದೆಯೇ ಏರು ಹತ್ತಿ, ಮೇಲೆ ನಿಲ್ಲಿಸಿದೆ.

ಏರು ಮುಗಿದಲ್ಲಿ ಅಕ್ಕ ನಿಂತಿದ್ದಳು. ಭಾವ ಅವಳನ್ನು ಹತ್ತಿಸಿಕೊಂಡರು. ಕೂತವಳೇ ಮುಂದಕ್ಕೆ ಬಾಗಿ ಏನೋ ಹೇಳತೊಡಗಿದಳು. ಭಾವ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರು.

ಅವರು ತಿರುವು ದಾಟಿ ಮರೆಯಾಗುವವರೆಗೆ ನಾನು ನನ್ನ ಬೈಕು ಸ್ಟಾರ್ಟ್ ಮಾಡಲಿಲ್ಲ.