ಚಂದುರಾಯರ ಬೋಟು ಯುದ್ಧಕ್ಕೆ ಹೊರಟದ್ದು

ವೆಸ್ಟ್ ಮಾಂಬಲಂನ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಪದ್ಮನಾಭ ಸುಮ್ಮನಿದ್ದಿದ್ದರೆ ಚಂದುರಾಯರು ಅಂದೂ ತಮ್ಮ ಹೋಟೆಲಿನ ಗಲ್ಲಾದಲ್ಲಿ ಹಾಯಾಗಿ ಕೂತಿರುತ್ತಿದ್ದರು. ಯುದ್ಧ ಶುರುವಾಗಿ, ಕರಾವಳಿ ಕಾಯಲು ಖಾಸಗಿ ಮೋಟಾರ್ ಬೋಟುಗಳು ಬೇಕೆಂದು ನೌಕಾಪಡೆ ಕರೆ ಕೊಟ್ಟಿತ್ತು. ಮುಟ್ಟುಕಾಡಿನ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ರಾಯರು ಇಟ್ಟಿದ್ದ ಬೋಟಿನ ಹೆಸರನ್ನು, ಅವರನ್ನು ಕೇಳದೆಯೇ, ಪದ್ಮನಾಭ ಕೊಟ್ಟುಬಿಟ್ಟಿದ್ದ.

ಬೆಳಗಾಗುತ್ತಲೇ ಫೋನು ಬಂತು. ಬೋಟನ್ನು ಪರೀಕ್ಷೆಗೆ ಹತ್ತಿರದ ಕೋವಳಂನಲ್ಲಿ ದೋಣಿ ಕಟ್ಟುವ ದಕ್ಕೆಗೆ ತರಬೇಕಂತೆ.

"ವೆಸ್ಟ್ ಮಾಂಬಲಂಗೇ ಕೀರ್ತಿ ತಂದ್ರಿ ಸಾರ್," ಎಂದು ಪದ್ಮನಾಭ ಶಾಲು ಹೊದಿಸಿದ.

"ನಾನೆಂತ ತಂದದ್ದು ಮಾರಾಯ? ತಂದದ್ದು ನೀನು."

"ಬೋಟ್ ತಗೊಂಡ್ರೆ ಓಡ್ಸೋರೂ ಜೊತೇಲೇ ಹೋಗ್ಬೇಕಂತೆ ಕಣಪ್ಪ," ಎಂದರು ಮೇಲಿನ ಮನೆಯ ಬೋರಮ್ಮ. "ಒಂದು ಸ್ವೆಟರ್ ಇಟ್ಕೊ."

ಬೋಟು ಓಡಿಸುವ ಚರಣ್ ಯುದ್ಧದ ಸುದ್ದಿ ಕೇಳಿದ್ದೇ ಫೋನು ಆಫ್ ಮಾಡಿದ್ದ. ಇನ್ನು ಓಡಿಸಬೇಕಾದವರು ರಾಯರೇ. ಹುಟ್ಟಿದ್ದು ಕುಂದಾಪುರದ ಕಡಲ ಬದಿಯಲ್ಲಾದರೂ ಅಲೆ ಕಂಡರೆ ರಾಯರ ಹೊಟ್ಟೆ ರುಬ್ಬುಗುಂಡಿನಂತೆ ತಿರುಗುತ್ತಿತ್ತು.

"ಬೋಟೇ ಕೆಟ್ರೆ ಅವ್ರು ಬೇಡ ಅಂತಾರಲ್ದಾ?" ಎಂದು ಹೆಂಡತಿ ವಿಮಲಾ ಮೆಲ್ಲಗೆ ಹೇಳಿ, ವಾಂತಿಗೆ ಒಳ್ಳೆಯದೆಂದು ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತುಂಬಿ ಕೊಟ್ಟಳು.

ಮುಟ್ಟುಕಾಡಿನಲ್ಲಿ ಯಾರೂ ನೋಡದಾಗ ರಾಯರು ಆ ಸಾರನ್ನು ಅಷ್ಟೂ ಪೆಟ್ರೋಲ್ ಟ್ಯಾಂಕಿಗೆ ಸುರಿದರು. ಬೋಟು ಹಿನ್ನೀರು ಕಡಲು ಸೇರುವ ಅಳಿವೆ ದಾಟುವವರೆಗೆ ನೆಟ್ಟಗೇ ಹೋಯಿತು. ಆಮೇಲೆ ನೆಗಡಿಯಾದ ಎಮ್ಮೆಯಂತೆ ಸೀನಿ ನಿಂತಿತು. ಅಲೆ ಎತ್ತಿ ಎತ್ತಿ ಹಾಕಿತು. ರಾಯರು ಸ್ಟಿಯರಿಂಗನ್ನು ತಬ್ಬಿ, ಕಣ್ಣು ಮುಚ್ಚಿ, ಊರಿನ ದೇವರನ್ನೆಲ್ಲ ಕರೆದರು. ಬೋಟು ಗಿರ್ರನೆ ತಿರುಗಿ, ಹಿಮ್ಮುಖವಾಗಿ, ಎರಡು ಮೀನುದೋಣಿಗಳ ನಡುವೆ ಎಲ್ಲಿಯೂ ತಾಗದೆ ಜಾರಿ, ತಟ್ಟೆಗೆ ದೋಸೆ ಇಳಿದಂತೆ ದಕ್ಕೆಗೆ ಬಂದು ಆತುಕೊಂಡಿತು.

ನೌಕಾಪಡೆಯ ಅಧಿಕಾರಿ ಎಂಜಿನ್ ತೆರೆದು ಮೂಸಿ, ಮುಖ ಹಿಂಡಿದ. "ಬೋಟ್ ವೇಂಡಾಂ ಸಾರ್."

ಬೇಡ! ರಾಯರಿಗೆ ಒಳಗೊಳಗೇ ಹಬ್ಬ. ಆದರೂ ದೇಶಸೇವೆಯ ಭಾಗ್ಯ ತಪ್ಪಿತೆಂದು ತಮಿಳಿನಲ್ಲಿ ಮರುಗಿ, ಹೊರಡಲು ಎದ್ದರು.

ಅಧಿಕಾರಿ ಅವರ ಹೆಗಲು ಹಿಡಿದ. "ನೀಂಗ ವೇಣುಂ."

ಬೋಟು ಬೇಡ, ನೀವು ಬೇಕು ಎನ್ನುತ್ತಿದ್ದ. ಎಂಜಿನ್ ಸತ್ತರೂ ಇಂಥ ಅಲೆಯಲ್ಲಿ, ಅಷ್ಟು ಇಕ್ಕಟ್ಟಿನಲ್ಲಿ, ಕಣ್ಣು ಮುಚ್ಚಿಕೊಂಡೇ ಹಿಮ್ಮುಖವಾಗಿ ದಡ ಸೇರಿಸಿದವರನ್ನು ತಾನು ಕಂಡಿಲ್ಲವಂತೆ. ಬೋಟುಗಳು ಬೇಕಾದಷ್ಟು ಬಂದಿವೆ, ಓಡಿಸುವವರೇ ಇಲ್ಲವಂತೆ.

ನಿಜ ಹೇಳೋಣವೆಂದರೆ, ಯುದ್ಧಕಾಲದಲ್ಲಿ ಬೇಕೆಂದೇ ಬೋಟು ಕೆಡಿಸಿದವರನ್ನು ಏನು ಮಾಡುತ್ತಾರೋ. ರಾಯರು ಖಾಲಿ ಫ್ಲಾಸ್ಕನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ಸಂಜೆಯ ಹೊತ್ತಿಗೆ ಅವರು ಲೈಫ್ ಜಾಕೆಟ್ ತೊಟ್ಟು ಬೇರೊಂದು ಬೋಟಿನಲ್ಲಿ ಕೂತಿದ್ದರು. ಹಿಂದಿನ ಸೀಟುಗಳಲ್ಲಿ ಹೊಸದಾಗಿ ಸೇರಿದ ನಾವಿಕರು, ಕಣ್ಣು ಮುಚ್ಚಿ ಓಡಿಸುವ ವಿದ್ಯೆ ಕಲಿಯಲು, ಉಸಿರು ಬಿಗಿಹಿಡಿದು ಕಾಯುತ್ತಿದ್ದರು.