ಹತ್ತು ಸೆಕೆಂಡ್ ಸುಮ್ಮನಿರ್ರಿ, ಡಾಕ್ಟ್ರೇ

ದಾವಣಗೆರೆಯ ಮೆಡಿಕಲ್ ಕಾಲೇಜೊಂದರಲ್ಲಿ, ಪಾಠ ಮಾಡುವ ಡಾಕ್ಟರುಗಳಿಗೆ ಪಾಠ ಮಾಡೋದು ಹೆಂಗೆ ಅಂತ ಹೇಳಿಕೊಡೋದು ನನ್ನ ಕೆಲಸ. ಇಲ್ಲಿ ನಗೋದಕ್ಕೆ ಮುಂಚೆ ಒಮ್ಮೆ ಮೈ ಜುಮ್ಮೆನ್ನಲೇಬೇಕು.

೧. ಹಿಂದಿನ ಸೀಟಿನವರು

ಹರಿಹರದ ಶಿಬಿರಕ್ಕೆ ಆಳೆತ್ತರದ ತರಬೇತಿ ಗೊಂಬೆ ಒಯ್ಯಬೇಕಿತ್ತು. ಸ್ವಿಚ್ ಹಾಕಿದರೆ ಉಸಿರಾಡುತ್ತೆ, ಕಣ್ಣು ಮಿಟುಕಿಸುತ್ತೆ. ಕಾರಿನ ಡಿಕ್ಕಿಯಲ್ಲಿ ಹಿಡಿಸದೆ ಹಿಂದಿನ ಸೀಟಿನಲ್ಲಿ ಕೂರಿಸಿ, ಕುತ್ತಿಗೆವರೆಗೂ ಬೆಡ್‌ಶೀಟ್ ಹೊದಿಸಿದ್ದೆ. ದಾರೀಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯವನು ಕಿಟಕಿಯಲ್ಲಿ ಬಗ್ಗಿ, "ಅವ್ರಿಗೂ ಕೊಡ್ಲೇನ್ರಿ?" ಅಂದ. ಇನ್ನೂ ಬಗ್ಗಿದ. ಬಿಟ್ಟ ಕಣ್ಣು ಅವನನ್ನೇ ನೋಡುತ್ತಿತ್ತು.

"ಸರ್, ಇವ್ರು ಉಸಿರೇ ಆಡ್ತಿಲ್ವಲ್ರಿ!"

"ಗಾಬರಿ ಆಗಬ್ಯಾಡ್ರಿ," ಅಂದೆ. "ಬ್ಯಾಟರಿ ನಾನೇ ತೆಗ್ದೀನಿ."

೨. ಬೋರ್ಡಿನ ಕಡೆ ಮುಖ

ಒಬ್ಬ ಮೇಡಂ ಇಡೀ ಗಂಟೆ ಬೋರ್ಡಿಗೇ ಪಾಠ ಮಾಡೋರು. "ಆಗಾಗ ತಿರುಗಿ ಹುಡುಗರ ಮುಖ ನೋಡ್ರಿ," ಅಂದಿದ್ದೆ. ಮರುದಿನ ಬರೆಯುತ್ತಾ ಬರೆಯುತ್ತಾ ಅವರಿಗೆ ಕತ್ತಿನ ಹಿಂದೆ ತಣ್ಣಗಾಯಿತಂತೆ. ಸೀಮೆಸುಣ್ಣದ ಸದ್ದು ಬಿಟ್ಟರೆ ಏನೂ ಇಲ್ಲ. ತಿರುಗಿದರೆ ಬೆಂಚುಗಳೆಲ್ಲ ಖಾಲಿ, ಫ್ಯಾನುಗಳು ಮಾತ್ರ ತಿರುಗುತ್ತಿವೆ. ಕೊನೆಯ ಸಾಲಿನಲ್ಲಿ ಒಬ್ಬನೇ ಒಬ್ಬ, ಅಲುಗಾಡದೆ ಕೂತಿದ್ದಾನೆ.

"ನೀನೊಬ್ಬನಾದ್ರೂ ಉಳಿದ್ಯಲ್ಲಪ್ಪಾ!"

"ಇಲ್ಲ ಮೇಡಂ, ನಾನು ಮುಂದಿನ ಕ್ಲಾಸಿಗೆ ಬಂದೋನು."

೩. ಬಿಳಿ ಬಟ್ಟೆಯ ಕೆಳಗೆ

ಅನಾಟಮಿ ಪ್ರೊಫೆಸರು ಮೂವತ್ತು ವರ್ಷದಿಂದ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳುತ್ತಿದ್ದರು. "ಮೌನ ಅಂದ್ರೆ ನಂಗೆ ಭಯ ಕಣ್ರಿ. ನನ್ನ ಪಾಠ ಯಾರಿಗೂ ಹತ್ತಿಲ್ಲ ಅನ್ಸುತ್ತೆ," ಅಂದರು ಒಮ್ಮೆ. "ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಸುಮ್ಮನಿರ್ರಿ," ಅಂದೆ. ಅವತ್ತು ಬೇರೆ ಕೋಣೆ ಸಿಗದೆ, ಶವ ಕೊಯ್ಯುವ ಹಾಲಿನಲ್ಲೇ ಅಭ್ಯಾಸ; ಹುಡುಗರ ಜಾಗದಲ್ಲಿ ಕೂತವರು ಬೇರೆ ಡಾಕ್ಟರುಗಳು. ಸುತ್ತ ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ಮೂಗಿಗೆ ಅಡರುವ ಫಾರ್ಮಲಿನ್ ವಾಸನೆ.

ಪ್ರೊಫೆಸರು ಕೇಳಿದರು: "ಮುಂಗೈ ಜೋತು ಬಿದ್ರೆ ಯಾವ ನರ ಕೆಟ್ಟೈತೆ?"

ಒಂದು, ಎರಡು, ಮೂರು... ಪ್ರೊಫೆಸರ ಹಣೆಯಲ್ಲಿ ಬೆವರು. ಎಂಟನೇ ಸೆಕೆಂಡಿಗೆ ಮೂಲೆಯ ಮೇಜಿನ ಬಟ್ಟೆಯೊಳಗಿಂದ ಗೊಗ್ಗರು ದನಿ ಬಂತು: "ರೇಡಿಯಲ್ ನರ್ವ್, ಸರ್."

ಬಟ್ಟೆ ಮೆಲ್ಲಗೆ ಎದ್ದು ಕೂತಿತು. ಇಬ್ಬರು ಸರ್ಜನ್ನರು ಬಾಗಿಲಿಗೆ ಓಡಿದರು. ಬಟ್ಟೆ ಸರಿಸಿದವರು ಹಾಲಿನ ಹಳೇ ಅಟೆಂಡರು. ಊಟವಾದ ಮೇಲೆ ಖಾಲಿ ಮೇಜಿನ ಮೇಲೆ ಅಡ್ಡಾಗಿದ್ದರಂತೆ. "ದಿನಾ ಕೇಳ್ತೀನಲ್ರಿ, ನಿದ್ದೇಲೇ ಬಂದುಬಿಡ್ತು," ಅಂತ ಕೈ ಮುಗಿದರು.

ಪ್ರೊಫೆಸರು ಮಾತ್ರ ನಿಂತಲ್ಲಿಂದ ಕದಲಿರಲಿಲ್ಲ. ಕಣ್ಣು ಒದ್ದೆ.

"ಉತ್ತರ ಸರಿ ಐತೆ," ಅಂದರು ನನ್ನ ಕಡೆ ತಿರುಗಿ. "ಒಂದ್ ಮಾತು ಹೇಳ್ಲಾ? ಬಾಯಿ ಬಿಟ್ಟೋನು ಹೆಣಾನೇ ಆಗಿದ್ರೂ ನಾನು ಅಟೆಂಡೆನ್ಸ್ ಹಾಕ್ತಿದ್ದೆ ಕಣ್ರಿ!"