ಖಾಲಿ ಪೆಟ್ಟಿಗೆಯ ಹಾಡು

ಕಿವಿಗೆ ಸಿಕ್ಕಿಸಿಕೊಂಡಿದ್ದ ವೈರಿನ ಇನ್ನೊಂದು ತುದಿ ಮೇಜಿನಿಂದ ಜಾರಿ ಗಾಳಿಯಲ್ಲಿ ತೂಗಾಡುತ್ತಿದ್ದುದನ್ನು ಪ್ರೂಫಣ್ಣ ಗಮನಿಸಲಿಲ್ಲ. ಮೆಷಿನ್ ಮಾವ ಗಮನಿಸಿದ.

ಮೂವತ್ತು ವರ್ಷ ಮುದ್ರಣಯಂತ್ರದ ಪಕ್ಕ ನಿಂತವನ ದನಿ ಸಣ್ಣದಾಗಿರುವುದಿಲ್ಲ. "ಏನಯ್ಯಾ ಪ್ರೂಫಣ್ಣ, ಪಿನ್ನು ನೆಲ ನೋಡ್ತಾ ಇದೆ, ನೀನು ಹಾಡು ಕೇಳ್ತಾ ಇದೀಯ! ಹಾಡು ಎಲ್ಲಿಂದ ಬರ್ತಿದೆ, ಪಾತಾಳದಿಂದಲಾ?"

ಪ್ರೂಫಣ್ಣ ಬಾಯಿ ತೆರೆಯುವಷ್ಟರಲ್ಲಿ ಮೆಷಿನ್ ಮಾವ ಮೇಜಿನ ಮೇಲಿದ್ದ ಪ್ಲೇಯರನ್ನು ಎತ್ತಿಕೊಂಡಾಗಿತ್ತು. ಅದು ಬೆಂಕಿಪೊಟ್ಟಣದಷ್ಟು ದೊಡ್ಡದು, ಮೂಲೆ ಸವೆದದ್ದು. ಅವನು ಹೆಬ್ಬೆರಳಿನಿಂದ ಗುಂಡಿ ಒತ್ತಿ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ.

"ಹಾಡುಗಳಿಲ್ಲ! ಅಯ್ಯಯ್ಯೋ, ಎಲ್ಲಾ ಅಳಿಸಿಹೋಗಿದೆಯಲ್ಲೋ!"

"ಹೌದು, ಹೋಗಿದೆ," ಎಂದ ಪ್ರೂಫಣ್ಣ. ಆ ದಿನದ ಎಲ್ಲ ಅನಾಹುತವೂ ಈ ಎರಡು ಪದಗಳಿಂದ ಹುಟ್ಟಿತು.

ನಿಜ ಬೇರೆಯೇ ಇತ್ತು. ಒಂಬತ್ತು ವರ್ಷದ ಹಿಂದೆ ಕೊಂಡಾಗ ಅದರಲ್ಲಿ ನಾನೂರು ಹಾಡು ತುಂಬಿಸಿದ್ದ. ಬೇಸರ ತರಿಸಿದ ಹಾಡನ್ನು ಆಗಾಗ ಅಳಿಸುತ್ತ ಬಂದ, ಹೊಸದನ್ನು ಸೇರಿಸಲಿಲ್ಲ. ಮುನ್ನೂರಾಯಿತು, ನೂರಾಯಿತು, ಏಳಾಯಿತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೊನೆಯದೂ ಹೋಯಿತು. ಆಮೇಲೆ ಉಳಿದ ಮೌನದಲ್ಲಿ ಅಳಿಸುವಂಥದ್ದು ಏನೂ ಇರಲಿಲ್ಲ. ಹಾಡು ಕೇಳುವವನನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದೂ ಆಗಲೇ ತಿಳಿಯಿತು. ಅಂದಿನಿಂದ ಆ ವೈರು ಅವನ ಕೋಣೆಯ ಬಾಗಿಲಾಯಿತು. ಚಿಲಕವಿರಲಿಲ್ಲ, ಆದರೂ ಯಾರೂ ತಳ್ಳುತ್ತಿರಲಿಲ್ಲ.

ಆ ಬಾಗಿಲು ಅವನಿಗೆ ಬೇಕೇ ಬೇಕಿದ್ದ ದಿನ ಇದು. ಮೇಜಿನ ಮೇಲೆ ಅವನು ತಪ್ಪು ತಿದ್ದಬೇಕಾದ ಬಸ್ಸುಗಳ ವೇಳಾಪಟ್ಟಿಯ ನಲವತ್ತು ಪುಟಗಳು, ಇರುವೆ ಸಾಲಿನಂಥ ಅಂಕಿಗಳು. ಸಂಜೆ ಆರಕ್ಕೆ ಮೆಷಿನ್ನಿಗೆ ಹೋಗಬೇಕು. ಹೋದ ಸಲ ಒಂದು ಅಂಕಿ ತಪ್ಪಿ, ಬೆಳಗಿನ ಬಸ್ಸು ಹೊರಟ ಮೇಲೆ ಎಪ್ಪತ್ತು ಜನ ನಿಲ್ದಾಣಕ್ಕೆ ಬಂದಿದ್ದರು. ಅಲ್ಲಿಂದ ನೇರ ಮುದ್ರಣಾಲಯಕ್ಕೂ ಬಂದಿದ್ದರು. "ಇನ್ನೊಂದು ತಪ್ಪು ಸಿಕ್ಕಿದ್ರೆ ಕೆಂಪು ಪೆನ್ನು ಇಟ್ಟು ಬಂಡಲ್ ಕಟ್ಟೋಕೆ ಹೋಗಿ," ಎಂದಿದ್ದರು ಮ್ಯಾನೇಜರು.

ಹತ್ತು ನಿಮಿಷದಲ್ಲಿ ಮೇಜಿನ ಸುತ್ತ ಸಾವಿನ ಮನೆಯ ವಾತಾವರಣ.

"ಒಂದೂ ಉಳಿದಿಲ್ವಾ?" ಕ್ಯಾಷಿಯರ್ ಅಕ್ಕ ಗಲ್ಲದ ಮೇಲೆ ಕೈಯಿಟ್ಟಳು. "ಪಾಪ, ಹೆಂಗೆ ಸಹಿಸ್ಕೊಂಡು ಕೂತಿದೀಯಪ್ಪಾ!"

"ಪರವಾಗಿಲ್ಲ ಅಕ್ಕ, ನನಗೆ ಈ ಪುಟಗಳು..."

"ಸುಮ್ನಿರು, ದುಃಖ ನುಂಗ್ಕೋಬೇಡ. ನನ್ನ ಮಗಳ ಸಂಗೀತ ಪಾಠ ರೆಕಾರ್ಡ್ ಮಾಡಿಟ್ಟಿದೀನಿ, ಹನ್ನೊಂದು ಪಾಠ. ಮಧ್ಯೆ ಮಧ್ಯೆ ನಾನು 'ಹಾಲು ಉಕ್ತು ನೋಡೇ' ಅಂತ ಕೂಗಿದೀನಿ, ಅಷ್ಟು ಹೊಂದಿಸ್ಕೋ."

"ಪಾಠ ಕೇಳಿಸಿ ಅವನನ್ನ ಸಾಯಿಸ್ತೀಯಾ?" ಎಂದ ಮೆಷಿನ್ ಮಾವ. "ನನ್ನ ಹಳೇ ಮೆಷಿನ್ನನ್ನ ಗುಜರಿಗೆ ಹಾಕಿದ್ರಲ್ಲ, ಅದಕ್ಕೆ ಮುಂಚೆ ಅದು ಓಡೋ ಸದ್ದು ಮುಕ್ಕಾಲು ಗಂಟೆ ಹಿಡಿದಿಟ್ಟಿದೀನಿ. ಅದು ಕಣಮ್ಮಾ ತಾಳ!" ಎನ್ನುವಾಗ ಅವನ ದನಿ ಒಂದು ಕ್ಷಣ ಸಣ್ಣದಾಯಿತು. ಪ್ರೂಫಣ್ಣನಿಗೆ ಬೇಡವೆನ್ನಲು ಬಾಯಿ ಬರಲಿಲ್ಲ.

ಗದ್ದಲ ಕೇಳಿ ಮ್ಯಾನೇಜರು ಬಂದರು. ಬೈದು ಎಲ್ಲರನ್ನೂ ಓಡಿಸುತ್ತಾರೆಂದು ಪ್ರೂಫಣ್ಣ ಆಸೆಯಿಂದ ನೋಡಿದ. ಅವರು ವಿಷಯ ಕೇಳಿ, ಕನ್ನಡಕ ತೆಗೆದು ಒರೆಸಿ, "ನಂದೊಂದು ಭಾಷಣ ಇದೆ. ಸಮಯಪಾಲನೆ ಬಗ್ಗೆ. ಇಪ್ಪತ್ತು ನಿಮಿಷ ಕೊಟ್ಟಿದ್ರು, ಎರಡು ಗಂಟೆ ಮಾತಾಡಿದ್ದೆ," ಎಂದರು.

ಯಾರದು ಮೊದಲು ಎಂಬ ಜಗಳ ಊಟದ ಹೊತ್ತಿನವರೆಗೆ ನಡೆಯಿತು. ಪ್ಲೇಯರು ಹಳೆಯದು, ಜಾಗ ಕಡಿಮೆ; ಇವರ ರೆಕಾರ್ಡಿಂಗುಗಳೋ ಹಾಡಿಗಿಂತ ಎಷ್ಟೋ ಪಟ್ಟು ದೊಡ್ಡವು. ಭಾಷಣ ಪೂರ್ತಿ ಹೋದರೆ ಮೂರು ಪಾಠ ಹೊರಗೆ ನಿಲ್ಲಬೇಕು. ಕೊನೆಗೆ ಎಲ್ಲವನ್ನೂ ಪಕ್ಕದ ಮೇಜಿನ ಅಕ್ಷರ ಜೋಡಿಸುವಾಕೆಯ ಕಂಪ್ಯೂಟರಿಗೆ ಹಾಕಿಕೊಟ್ಟು, "ಹೆಂಗಾದ್ರೂ ತುರುಕಮ್ಮಾ," ಎಂದು ಊಟಕ್ಕೆ ಹೋದರು. ಪ್ರೂಫಣ್ಣನನ್ನೂ ಎಳೆದುಕೊಂಡು ಹೋದರು. ಆಕೆ ತಲೆಯಾಡಿಸಿದಳು. ಆಕೆ ಮಾತಾಡುವುದು ಅಪರೂಪ. ಪಕ್ಕಪಕ್ಕ ಕೂತ ಎರಡು ವರ್ಷದಲ್ಲಿ ಇಬ್ಬರ ನಡುವೆ ನಡೆದ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಇನ್ನೂ ಜಾಗ ಉಳಿಸಬಹುದಿತ್ತು.

ಅವನು ಹಿಂತಿರುಗಿದಾಗ ಪ್ಲೇಯರು ತುಂಬಿತ್ತು. "ಕೊನೇಲಿ ನಂದೂ ಒಂದು ಹಾಕಿದೀನಿ ಸಾರ್," ಎಂದಳು ಮೆಲ್ಲಗೆ. "ಅದನ್ನ ಮೊದಲು ಕೇಳಿ."

ನೀನೂ ಸೇರಿಕೊಂಡೆಯಾ, ಎಂದುಕೊಂಡ ಪ್ರೂಫಣ್ಣ.

ಕೇಳಲು ಬಿಟ್ಟವರಾರು! ಮೆಷಿನ್ ಮಾವ ತಾನೇ ಗುಂಡಿ ಒತ್ತಿ ಎದುರಿಗೆ ಕೂತ. ಕಿವಿಯೊಳಗೆ ಖಟ್-ಪಟಾಕ್ ಶುರುವಾಯಿತು. ಅಂಕಿಗಳು ಆ ತಾಳಕ್ಕೆ ಕುಣಿಯತೊಡಗಿದವು. ಅವನು ಹೋದ ಮೇಲೆ ಅಕ್ಕ ಬಂದಳು. ಹದಿನೇಳನೆಯ ಪುಟದಲ್ಲಿ ಹಾಲು ಉಕ್ಕಿತು. ಮ್ಯಾನೇಜರು ಗಾಜಿನ ಗೋಡೆಯಾಚೆಯಿಂದ ಗಡಿಯಾರ ತೋರಿಸಿ, ತಮ್ಮ ಭಾಷಣದ ಸರದಿಯೆಂದು ಸನ್ನೆ ಮಾಡಿದರು. ನಾಲ್ಕು ಗಂಟೆಗೆ ಪ್ರೂಫಣ್ಣ ಹದಿನೆಂಟನೆಯ ಪುಟದಲ್ಲೇ ಇದ್ದ.

ಟೀ ಹೊತ್ತಿಗೆ ಅವನು ಮೆಟ್ಟಿಲ ಕೆಳಗಿನ ಕಾಗದದ ರಾಶಿಯ ಹಿಂದೆ ಕಳ್ಳನಂತೆ ನಿಂತು ಗುಂಡಿ ಅದುಮಿ ಹಿಡಿದ. 'ಎಲ್ಲವನ್ನೂ ಅಳಿಸಬೇಕೇ?' ಎಂದು ಕೇಳಿತು ಪೆಟ್ಟಿಗೆ. ಆ ದಿನ ಅವನ ಇಷ್ಟ ಕೇಳಿದ್ದು ಅದೊಂದೇ. ಹೌದು ಎಂದು ಒತ್ತಿದ.

ಮರಳಿ ಬಂದು, ಪರದೆಯನ್ನು ಒಳಗೆ ಮಾಡಿ ಜೇಬಿಗಿಳಿಸಿ, ಇಲ್ಲದ ತಾಳಕ್ಕೆ ತಕ್ಕಂತೆ ತಲೆಯಾಡಿಸುತ್ತ ಓದತೊಡಗಿದ. ಮೌನ ಹಳೆಯ ಚಪ್ಪಲಿಯಂತೆ ಹಿತವಾಗಿ ಸೇರಿಕೊಂಡಿತು. ಐದೂಕಾಲಿಗೆ ಮೂವತ್ತೊಂದನೆಯ ಪುಟ ಮುಗಿಯಿತು. ಗೆದ್ದೆನೆಂದುಕೊಂಡ.

"ನಂದು ಕೇಳಿದ್ರಾ ಸಾರ್?" ಎಂದಳು ಪಕ್ಕದ ಮೇಜಿನಾಕೆ.

ಹಾಡಿದವರಿಗೆ ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಮಧ್ಯಾಹ್ನದಿಂದ ಇಬ್ಬರಿಗೆ ಹೇಳಿ ನಾಲಗೆ ಪಳಗಿತ್ತು. "ಕೇಳ್ದೆ, ಎರಡು ಸಲ. ಎಂಥ ಕಂಠ ನಿಮ್ದು! ಆ ಎರಡನೇ ಚರಣದಲ್ಲಿ ದನಿ ಏರುತ್ತಲ್ಲ, ಅಲ್ಲಿ ಕಣ್ಣಲ್ಲಿ ನೀರು ಬಂತು ನೋಡಿ."

ಆಕೆ ಕೀಲಿಮಣೆಯಿಂದ ಕೈ ತೆಗೆದಳು.

"ನಾನು ಹಾಡಿಲ್ಲ ಸಾರ್." ದನಿಯಲ್ಲಿ ಕೋಪವಿರಲಿಲ್ಲ. "ನೀವು ಯಾವತ್ತೂ ಏನೂ ಕೇಳ್ತಿರ್ಲಿಲ್ಲ ಅಂತ ನಂಗೆ ಮೊದಲಿಂದ ಗೊತ್ತು. ಮಾವ ಜೋಕ್ ಹೇಳ್ದಾಗೆಲ್ಲ ನಿಮ್ಮ ಪೆನ್ನು ನಿಲ್ತಿತ್ತು. ಊಟಕ್ಕೆ ನೀವೆಲ್ಲ ಹೋದಾಗ ಈ ಖಾಲಿ ರೂಮನ್ನ ನಿಮ್ಮ ಪ್ಲೇಯರಲ್ಲೇ ರೆಕಾರ್ಡ್ ಮಾಡ್ದೆ. ನಲವತ್ತು ನಿಮಿಷ, ಅಲ್ಲಾಡ್ದೆ ಕೂತಿದ್ದೆ. ಒಂದ್ಸಲ ಕುರ್ಚಿ ಕಿರ್ ಅಂತು, ಅದು ನನ್ನ ತಪ್ಪು. ಅದನ್ನ ಹಾಕಿಟ್ರೆ ಪರದೆ ಮೇಲೆ ಟೈಮ್ ಓಡುತ್ತೆ. ಯಾರು ಬಂದು ನೋಡಿದ್ರೂ ಹಾಡು ನಡೀತಿದೆ ಅನ್ಕೋತಾರೆ. ನಿಮ್ಮನ್ನ ಬಿಟ್ಬಿಡ್ತಾರೆ."

ಆಕೆ ಊಟ ಮಾಡಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. "ಅದರ ಕಾಪಿ..." ಎಂದ.

"ಇಲ್ಲ. ಮಿಕ್ಕ ಎಲ್ಲದಕ್ಕೂ ಇದೆ."

"ಏನದು? ಎರಡನೇ ಚರಣ ಅಂತಿದ್ದೆ?" ಮೆಷಿನ್ ಮಾವ ಬೆನ್ನ ಹಿಂದೆಯೇ ಇದ್ದ. "ಈ ಹುಡುಗಿ ಹಾಡ್ತಾಳಾ? ಇವನ ಕಣ್ಣಲ್ಲಿ ನೀರು ಬರೋ ಹಂಗೆ? ಏ ಅಕ್ಕಾ, ಬಾ ಇಲ್ಲಿ! ಮ್ಯಾನೇಜರ್ ಸಾರ್, ನೀವೂ ಬನ್ನಿ! ತಗಿಯಯ್ಯಾ ಆ ಪೆಟ್ಟಿಗೆ, ಎಲ್ಲರೂ ಕೇಳೋಣ."

ಪ್ರೂಫಣ್ಣನ ಕೈ ಜೇಬಿನ ಮೇಲೆ ಮುಚ್ಚಳದಂತೆ ಕೂತಿತು. ಪೆಟ್ಟಿಗೆ ಹೊರಬಂದರೆ ಸಮಯಪಾಲನೆಯ ಭಾಷಣಕ್ಕೆ ಏನಾಯಿತೆಂಬುದೂ ಹೊರಬರುತ್ತಿತ್ತು. ಮ್ಯಾನೇಜರು ಎದುರಿಗೇ ನಿಂತಿದ್ದರು. ಅವನು ಪಕ್ಕದ ಮೇಜಿನ ಕಡೆ ನೋಡಿದ.

ಆಕೆಯೂ ಅವನನ್ನು ನೋಡಿದಳು. ಅವರು ಒಬ್ಬರನ್ನೊಬ್ಬರು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಪೆಟ್ಟಿಗೆ ಯಾಕೆ?" ಎಂದು ಎದ್ದು ನಿಂತಳು. "ನಾನೇ ಹಾಡ್ತೀನಿ." ಗಂಟಲು ಸರಿಮಾಡಿಕೊಂಡಳು.

ದನಿ ಚೆನ್ನಾಗಿರಲಿಲ್ಲ. ಎರಡನೆಯ ಚರಣದಲ್ಲಿ ಅದು ಏರಬೇಕಾದಲ್ಲಿ ಒಡೆಯಿತು. ಪ್ರೂಫಣ್ಣನ ಕಣ್ಣಲ್ಲಿ ನೀರು ಬಂತು.

"ನೋಡಿದ್ರಾ, ಇವನು ಹೇಳಿದ್ದು ಸುಳ್ಳಲ್ಲ!" ಎಂದು ಮೆಷಿನ್ ಮಾವ ಚಪ್ಪಾಳೆ ಹೊಡೆದ. ಮ್ಯಾನೇಜರು ಗಡಿಯಾರ ನೋಡದೆ, "ಇನ್ನೊಂದು ಆಗ್ಲಿ. ನಾಳೆಯಿಂದ ದಿನಾ ಇದೇ ಹೊತ್ತಿಗೆ ಒಂದು ಹಾಡು," ಎಂದು ಅಪ್ಪಣೆ ಕೊಡಿಸಿದರು. ಅಕ್ಕ ಬಂದು ಪ್ರೂಫಣ್ಣನ ಎರಡೂ ಕಿವಿಗಳಿಂದ ವೈರನ್ನು ಮೃದುವಾಗಿ ಕಿತ್ತು, ಸುರುಳಿ ಸುತ್ತಿ ಅವನ ಕೈಗಿಟ್ಟಳು.

"ಎದುರಿಗೇ ಹಾಡೋರು ಇರುವಾಗ ಇದ್ಯಾಕಪ್ಪಾ ಇನ್ನು?"

ಪಕ್ಕದ ಮೇಜಿನಾಕೆ ಎರಡನೆಯ ಹಾಡು ಎತ್ತಿಕೊಂಡಳು. ಆರಕ್ಕೆ ಇಪ್ಪತ್ತು ನಿಮಿಷವಿತ್ತು. ಓದದ ಒಂಬತ್ತು ಪುಟಗಳ ಮೇಲೆ ಕೆಂಪು ಪೆನ್ನು ಮುಚ್ಚಳ ತೆರೆದುಕೊಂಡು ಮಲಗಿತ್ತು. ಮ್ಯಾನೇಜರು ಅವನ ಭುಜ ತಟ್ಟಿ, ತಾಳ ಹಾಕುವಂತೆ ಕಣ್ಣಿನಲ್ಲೇ ಹೇಳಿದರು. ಪ್ರೂಫಣ್ಣ ತಾಳ ಹಾಕಿದ.